ಕಾಣದ ಹೊಲಿಗೆಗೆ ಕೆಂಪು ದಾರ

"ಏಯ್! ಫೋನು ಕೆಳಗಿಳಿಸಿ ಮೊದಲು!"

ದಾರ ಪೋಣಿಸಿದ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಅಂಗಡಿಯ ಮೆಟ್ಟಿಲು ಇಳಿದು ಬೀದಿಗೆ ಬಂದಿದ್ದಳು.

ಎದುರಿಗಿದ್ದವನು ಬೆಚ್ಚಿಬಿದ್ದ. ಅಂಗಡಿಯ ಗಾಜಿನ ಕಿಟಕಿಗೆ ಫೋನು ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು, ಬೆಳಕು ಸರಿಯಿದೆಯಾ ಅಂತ ನೋಡುತ್ತಾ ನಿಂತಿದ್ದ ಪಾಪ!

"ಅಲ್ಲ ಮೇಡಂ, ನಾನು ನಿಮ್ಮ ಕೈ ಮಾತ್ರ..."

"ನನ್ನ ಕೈನ ಏನು ಪ್ರದರ್ಶನಕ್ಕೆ ಇಟ್ಟಿದ್ದೀನಾ? ಆ ಕೈಯಲ್ಲಿರೋ ಕೋಟು ಯಾರದ್ದು ಗೊತ್ತಾ ನಿಮಗೆ? ಡಿಲೀಟ್ ಮಾಡಿ. ನನ್ನ ಕಣ್ಣೆದುರಿಗೇ ಮಾಡಿ!"

ಅವನು ಮರುಮಾತಾಡದೆ ಅಳಿಸಿದ. ಅಳಿಸಿ ಫೋನನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದ. ಆಮೇಲೆ ಮೆಲ್ಲಗೆ ಹೇಳಿದ.

"ನಿಮ್ಮ ಅಕ್ಕ ಕಳಿಸಿದ್ರು... ಅಂಗಡಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡೋಕೆ."

ಅಯ್ಯೋ! ಅವಳ ಮುಖ ಕೆಂಪಾಯಿತು. ಆದರೆ ಸೋಲೊಪ್ಪುವ ಜಾಯಮಾನ ಅವಳದಲ್ಲ. ಬೀದಿಯವರೆಲ್ಲ ಅವಳನ್ನು 'ಸೂಜಿ' ಅಂತ ಕರೆಯುತ್ತಿದ್ದದ್ದು ಬರೀ ಕಸುಬಿನಿಂದಲ್ಲ, ಆ ನಾಲಿಗೆಯೂ ಹಾಗೇ ಇತ್ತು.

"ಹಾಗಿದ್ರೆ ಬಾಗಿಲಿಂದ ಬರಬೇಕಿತ್ತು. ಕಿಟಕಿಯಿಂದ ಯಾಕೆ ಬಂದ್ರಿ?" ಅಂದು ಬಿರಬಿರನೆ ಒಳಗೆ ಹೋದಳು.

ಒಳಗೆ ದಾರದ ಉಂಡೆಗಳ ನಡುವೆ ಕೂತಿದ್ದ ದೊಡ್ಡಮ್ಮ ಕನ್ನಡಕ ಮೇಲೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓಹೋ, ಪ್ರಚಾರಪ್ಪ ಬಂದ! ಬಾರಪ್ಪ, ಕೂತ್ಕೋ. ಇವಳು ಹೀಗೇ. ಚುಚ್ಚಿದ ಮೇಲೆ ಸರಿಯಾಗ್ತಾಳೆ."

ಅವತ್ತಿನಿಂದ ಅವನ ಹೆಸರು ಪ್ರಚಾರಪ್ಪ ಅಂತಲೇ ಆಯಿತು.

ಅದು ರಫು ಅಂಗಡಿ. ಹರಿದ, ಸುಟ್ಟ, ನುಸಿ ತಿಂದ ಬಟ್ಟೆಗೆ ಅದರದ್ದೇ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಎಳೆಗೆ ಎಳೆ ಸೇರಿಸಿ, ಹರಿದೇ ಇರಲಿಲ್ಲವೇನೋ ಅನ್ನುವಂತೆ ನೇಯ್ದು ಕೊಡುವ ಕೆಲಸ. ದೊಡ್ಡಮ್ಮ ಆ ಕಿಟಕಿಯ ಬೆಳಕಿನಲ್ಲೇ ಇಡೀ ಆಯಸ್ಸು ಕಳೆದಿದ್ದಳು. ಆ ದುಡಿಮೆಯಲ್ಲೇ ಅಕ್ಕ ತಂಗಿಯರಿಬ್ಬರನ್ನೂ ಸಾಕಿದ್ದಳು. ಈಗ ಅವಳ ಕಣ್ಣಿಗೆ ಎಳೆಗಳು ಕಾಣುವುದಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಸೂಜಿಗೆ ಬಂದಿತ್ತು.

ಆದರೆ ಕುರ್ಚಿ ಬಂದ ಹಾಗೆ ಗಿರಾಕಿಗಳು ಬರಲಿಲ್ಲ. ಹರಿದರೆ ಎಸೆದು ಹೊಸದು ಕೊಳ್ಳುವ ಕಾಲ ನೋಡಿ! ಅಂಗಡಿಯ ಜಾಗ ಅಕ್ಕ ಭಾವನದ್ದು. ಭಾವ ಒಳ್ಳೆಯವನೇ, ಆದರೆ ಲೆಕ್ಕದ ಮನುಷ್ಯ. "ಚಳಿಗಾಲ ಮುಗಿಯೋವರೆಗೆ ನೋಡ್ತೀನಮ್ಮ. ಅಷ್ಟರಲ್ಲಿ ಏಳಿಗೆ ಕಾಣದಿದ್ರೆ ಫೋನ್ ಕವರ್ ಮಾರೋನಿಗೆ ಬಾಡಿಗೆಗೆ ಕೊಡ್ತೀನಿ" ಅಂದುಬಿಟ್ಟಿದ್ದ. ಆ ಫೋನ್ ಕವರಿನವನು ಆಗಲೇ ಒಂದು ಸಲ ಟೇಪು ತಂದು ಕಿಟಕಿಯ ಅಳತೆ ತೆಗೆದುಕೊಂಡು ಹೋಗಿದ್ದ!

ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದು ಸಾಲು ನೇಯುವುದು, ಬಾಗಿಲ ಕಡೆ ನೋಡುವುದು. ಮತ್ತೊಂದು ಸಾಲು, ಮತ್ತೆ ಬಾಗಿಲು. ಈ ಕಿಟಕಿ ಹೋದರೆ ನಾನು ಯಾರು...? ಮನಸ್ಸು ಇದನ್ನೇ ಕೇಳುತ್ತಿತ್ತು.

ಪ್ರಚಾರಪ್ಪ ತನ್ನ ಉಪಾಯಗಳನ್ನು ಒಂದೊಂದಾಗಿ ಬಿಚ್ಚಿದ.

"ಮೊದಲು ವಿಡಿಯೋ. ಹರಿದಿದ್ದು ತೋರಿಸೋಣ, ಸರಿ ಮಾಡಿದ್ದು ತೋರಿಸೋಣ. ಜನ ಬಾಯಿ ಬಿಟ್ಟುಕೊಂಡು ನೋಡ್ತಾರೆ."

"ಸರಿ ಮಾಡಿದ ಮೇಲೆ ಏನೂ ಕಾಣಲ್ವಲ್ಲ! ಬೇರೆ ಬಟ್ಟೆ ತಂದಿಟ್ಟಿದ್ದಾರೆ ಅಂತಾರೆ."

"ಹಾಗಿದ್ರೆ ಬಣ್ಣದ ದಾರದಲ್ಲಿ ಮಾಡಿ. ಕೆಂಪು ದಾರ! ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತೆ."

ಅವಳು ಸೂಜಿ ಕೆಳಗಿಟ್ಟಳು. "ಕಾಣೋ ಹಾಗೆ ರಫು ಮಾಡೋದಾ? ಅದಕ್ಕಿಂತ ಫೋನ್ ಕವರ್ ಮಾರೋದೇ ವಾಸಿ!"

ದೊಡ್ಡಮ್ಮ ಕಿಸಕ್ಕನೆ ನಕ್ಕಳು. ಅವನು ಕೆಮ್ಮಿ ಮುಂದುವರಿಸಿದ.

"ಸರಿ... ಗಿರಾಕಿಗಳ ಹತ್ರ ನಾಲ್ಕು ಒಳ್ಳೆ ಮಾತು ಬರೆಸೋಣ. ರಿವ್ಯೂ."

"ಯಾರು ಬರೀತಾರೆ ಸ್ವಾಮಿ? ಇಲ್ಲಿ ಚೆನ್ನಾಗಿ ರಫು ಮಾಡ್ತಾರೆ ಅಂತ ಬರೆದ್ರೆ, ನಿಮ್ಮದೇನು ಹರಿದಿತ್ತು ಅಂತ ನೆಂಟರೆಲ್ಲ ಕೇಳ್ತಾರೆ. ನಮ್ಮ ಹತ್ರ ಬರೋರು ಅರ್ಧ ಜನ ಕದ್ದು ಬರೋರು. ಗಂಡನ ಕೋಟು ಸುಟ್ಟ ಹೆಂಡತಿ, ಸ್ನೇಹಿತನ ಸೂಟು ಕೇಳಿ ತಂದು ಹರಿದವನು... ಹರಿದಿತ್ತು ಅನ್ನೋದು ಯಾರಿಗೂ ಗೊತ್ತಾಗಬಾರದು ಅಂತಲೇ ತಾನೇ ಅವರು ಬರೋದು?"

ಅವನು ತಲೆ ಕೆರೆದುಕೊಂಡ. "ಹಾಗಿದ್ರೆ ಮಾದರಿಗೆ ಅಂತ ನಾವೇ ಒಂದು ಬಟ್ಟೆ ಕತ್ತರಿಸಿದ್ರೆ?"

"ಕತ್ತರಿಸಿದ್ದೇ ಬೇರೆ, ಹರಿದಿದ್ದೇ ಬೇರೆ. ಕತ್ತರಿಯ ಬಾಯಿ ನೀಟಾಗಿರುತ್ತೆ. ನಾಟಕ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

ಬೇರೆ ಯಾರಾದರೂ ಆಗಿದ್ದರೆ ಬ್ಯಾಗು ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಇವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಒಂದು ವಿಷಯ ಹೇಳಿ. ಬಟ್ಟೆ ಸುಟ್ಟ ತಕ್ಷಣ ಅವರು ಏನು ಮಾಡ್ತಾರೆ?"

"ಗಾಬರಿ ಬೀಳ್ತಾರೆ."

"ಆಮೇಲೆ?"

"ಆಮೇಲೆ... ಫೋನಲ್ಲಿ ಹುಡುಕ್ತಾರೇನೋ. ಹತ್ತಿರದಲ್ಲಿ ಯಾರು ಸರಿ ಮಾಡ್ತಾರೆ ಅಂತ."

"ಹುಡುಕಿದಾಗ ನೀವು ಸಿಗ್ತೀರಾ?"

ಅವನು ಫೋನಿನಲ್ಲಿ ಹುಡುಕಿ ತೋರಿಸಿದ. ಡ್ರೈ ಕ್ಲೀನಿಂಗ್ ಬಂತು, ದರ್ಜಿ ಅಂಗಡಿ ಬಂತು, ಅವಳ ಅಂಗಡಿ ಮಾತ್ರ ಎಲ್ಲೂ ಇರಲಿಲ್ಲ.

"ದುಡ್ಡು ಸುರಿದು ಊರಿಗೆಲ್ಲ ಜಾಹೀರಾತು ತೋರಿಸೋದು ಬೇಡ" ಅಂದ ಅವನು. "ಹರಿದವರು ಹುಡುಕಿದಾಗ ನಾವು ಮೊದಲು ಕಾಣಬೇಕು, ಅಷ್ಟೇ. ನಕ್ಷೆಯಲ್ಲಿ ಅಂಗಡಿ ಹಾಕೋಣ. ಹಳೇ ಗಿರಾಕಿಗಳನ್ನೆಲ್ಲ ಅಂಗಡಿಯ ಫೋನಿಗೆ ಸೇರಿಸೋಣ. ಆದ್ರೆ ನಂಬೋಕೆ ಅವರಿಗೆ ನಾಲ್ಕಾದ್ರೂ ಫೋಟೋ ಬೇಕು. ಅದನ್ನ ಹೇಗೆ ಅಂತ ಯೋಚಿಸೋಣ."

'ಯೋಚಿಸೋಣ' ಅಂದನಲ್ಲ... ಇಷ್ಟು ದಿನ ಒಬ್ಬಳೇ ಯೋಚಿಸಿ ಯೋಚಿಸಿ ಸೋತಿದ್ದ ಹುಡುಗಿಗೆ ಆ ಮಾತು ಎಲ್ಲೋ ನಾಟಿತು.

ಅವನು ದಿನಾ ಬರತೊಡಗಿದ. ಬಂದು ಫೋನಿನಲ್ಲಿ ಏನೇನೋ ಕೂರಿಸುತ್ತಿದ್ದ. ದೊಡ್ಡಮ್ಮ ತನ್ನ ನೆನಪಿನ ಮೂಲೆಯಿಂದ ಹಳೆಯ ಗಿರಾಕಿಗಳನ್ನು ಎಳೆದು ತಂದು ನಂಬರು ಹಾಕಿಸುತ್ತಿದ್ದಳು. ನಡುವೆ ಅವನು ಸೂಜಿಯ ಕೈಯನ್ನೇ ನೋಡುತ್ತಾ ಕೂತುಬಿಡುತ್ತಿದ್ದ.

"ಏನು?" ಅನ್ನುತ್ತಿದ್ದಳು ಅವಳು ತಲೆ ಎತ್ತದೆ.

"ಏನಿಲ್ಲ... ಬೆಳಕು ಚೆನ್ನಾಗಿದೆ."

ಬೆಳಕಂತೆ ಬೆಳಕು! ಅವಳ ಸೂಜಿ ಬೆರಳಿಗೇ ಚುಚ್ಚಿಕೊಳ್ಳುತ್ತಿತ್ತು. ಅವನು ಬರುವುದು ತಡವಾದರೆ ಈಗಲೂ ಬಾಗಿಲ ಕಡೆಗೇ ನೋಡುತ್ತಿದ್ದಳು, ಆದರೆ ಗಿರಾಕಿಗಾಗಿ ಅಲ್ಲ. ಇದೊಂದು ಹೊಸ ತಳಮಳ ಶುರುವಾಯಿತಲ್ಲಪ್ಪ!

ಹೀಗಿರುವಾಗ ಒಂದು ದಿನ ಔಷಧಿ ಅಂಗಡಿಯ ಮನೆಯ ಸೊಸೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಹಸಿರು ಅಂಚಿನ ಹಳೆಯ ಉಣ್ಣೆಯ ಶಾಲು. ನಡುವೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು.

"ಅತ್ತೆಯದ್ದು... ಅವರ ಜೀವ ಇದು. ಅವರು ಊರಿಂದ ಬರೋದರೊಳಗೆ ಆಗುತ್ತಾ? ಯಾರಿಗೂ ಹೇಳಬೇಡಿ, ನಿಮಗೆ ಕೈ ಮುಗೀತೀನಿ!"

"ಈ ಅಂಗಡಿಯಿಂದ ಮಾತು ಹೊರಗೆ ಹೋಗಲ್ಲ" ಅಂದಳು ಸೂಜಿ.

ಶಾಲು ಮುಗಿದಾಗ ಎಂಥಾ ಚೆಂದ ಬಂದಿತ್ತು ಅಂತೀರಿ! ದೊಡ್ಡಮ್ಮ ಬೆರಳಿನಿಂದ ಸವರಿ ನೋಡಿ, "ಎಲ್ಲಿತ್ತೇ ಸುಟ್ಟಿದ್ದು?" ಅಂದಳು. ಅದಕ್ಕಿಂತ ದೊಡ್ಡ ಬಿರುದು ಆ ಅಂಗಡಿಯಲ್ಲಿ ಇರಲಿಲ್ಲ.

ಅವನಿಗೆ ಒಂದು ಸಲ ತೋರಿಸಬೇಕು ಅನ್ನಿಸಿತು. ಅವನೊಬ್ಬನಿಗೆ ತಾನೇ... ಮೊದಲು ತೆಗೆದಿಟ್ಟಿದ್ದ ಸುಟ್ಟ ಗುರುತಿನ ಫೋಟೋ, ಈಗಿನ ಫೋಟೋ, ಎರಡನ್ನೂ ಅಂಗಡಿಯ ಫೋನಿನಿಂದ ಕಳಿಸಿ, ಶಾಲು ಮಡಚಿ ಸೊಸೆಗೆ ಕೊಟ್ಟಳು.

ಅವನಿಂದ ಉತ್ತರವೇ ಬರಲಿಲ್ಲ. ಒಂದು ಮಾತು ಹೇಳಲು ಏನು ಧಾಡಿ? ಅವತ್ತಿಡೀ ಅವಳು ಮುಖ ಊದಿಸಿಕೊಂಡೇ ಇದ್ದಳು.

ಮರುದಿನ ಬೆಳಿಗ್ಗೆ ಅವನು ಬಂದು ಕೂತಿದ್ದನಷ್ಟೇ, ಬಾಗಿಲು ದಢಾರನೆ ತೆರೆಯಿತು. ಸೊಸೆ! ಅತ್ತು ಅತ್ತು ಕಣ್ಣು ಊದಿದ್ದವು.

"ಯಾರಿಗೂ ಹೇಳಲ್ಲ ಅಂದ್ರಲ್ಲಾ! ನಿಮ್ಮ ಅಂಗಡಿಯ ಸ್ಟೇಟಸ್‌ನಲ್ಲಿ ಅತ್ತೆಯ ಶಾಲು! ಅತ್ತೆ ಊರಿಂದಲೇ ನೋಡಿದ್ದಾರೆ. ನೆಂಟರೆದುರಿಗೆ ನನ್ನ ಮಾನ ಹರಾಜಾಯ್ತು!"

ಸೂಜಿ ದಡಕ್ಕನೆ ಎದ್ದು ನಿಂತಳು. "ಸ್ಟೇಟಸ್...? ನಾನು... ಇಲ್ಲ..."

ಅವನು ಮೇಜಿನ ಮೇಲಿದ್ದ ಅಂಗಡಿಯ ಫೋನು ಎತ್ತಿಕೊಂಡ. ನೋಡಿದ. ಒಂದು ಕ್ಷಣ ಸೂಜಿಯ ಬಿಳಿಚಿದ ಮುಖ ನೋಡಿದ. ಬೆರಳಾಡಿಸಿ ಫೋಟೋ ಅಳಿಸಿದ. ಆಮೇಲೆ ಸೊಸೆಯ ಕಡೆ ತಿರುಗಿ ಎದ್ದು ನಿಂತ.

"ಅಮ್ಮಾ, ತಪ್ಪು ನನ್ನದು. ಪ್ರಚಾರದ ಹುಚ್ಚಿಗೆ ನಾನೇ ಹಾಕಿದೆ. ಇವರಿಗೆ ಗೊತ್ತೇ ಇಲ್ಲ. ಈ ಅಂಗಡಿಯವರು ಮಾತಿಗೆ ತಪ್ಪೋರಲ್ಲ, ಅವರನ್ನ ಬೈಬೇಡಿ."

ಸೊಸೆ ಅವನಿಗೆ ಹಿಡಿ ಶಾಪ ಹಾಕಿ ಹೋದಳು.

ಸೂಜಿ ಅವನ ಕೈಯಿಂದ ಫೋನು ಕಸಿದುಕೊಂಡಳು.

"ನಿಮ್ಮನ್ನ... ನಿಮ್ಮನ್ನ ನಂಬಿದ್ದೆ ನಾನು!" ಅವಳು ಬಾಗಿಲತ್ತ ಕೈ ತೋರಿಸಿದಳು. "ಮೊದಲ ದಿನ ಕಿಟಕಿಯಲ್ಲಿ ಏನು ಮಾಡಿದ್ರೋ ಅದನ್ನೇ ಮಾಡಿದ್ರಿ. ಬೇರೆಯವರ ಗುಟ್ಟು ನಿಮಗೆ ಬರೀ ಫೋಟೋ, ಅಲ್ವಾ? ಹೋಗಿ! ಇನ್ನು ಈ ಮೆಟ್ಟಿಲು ಹತ್ತಬೇಡಿ!"

ಅವನು ಬ್ಯಾಗು ಹೆಗಲಿಗೇರಿಸಿ ದೊಡ್ಡಮ್ಮನಿಗೆ ತಲೆಬಾಗಿ ಹೊರಟುಹೋದ. ಹಿಂದಿರುಗಿ ಕೂಡ ನೋಡಲಿಲ್ಲ ಮಹಾರಾಯ!

ಆಮೇಲಿನ ದಿನಗಳನ್ನು ಏನು ಹೇಳಲಿ? ಅವಳು ಕುರ್ಚಿಯನ್ನು ಕಿಟಕಿಯ ಈ ಕಡೆ ಹಾಕಿದಳು, ಆ ಕಡೆ ಹಾಕಿದಳು. ನೇಯ್ದಿದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ನೇಯ್ದಳು. ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಬರಬೇಡ ಅಂದಿದ್ದು ನಾನೇ ತಾನೇ? ಮತ್ಯಾಕೆ ಈ ಹಾಳು ಕಣ್ಣು ಬಾಗಿಲಿಗೆ ಹೋಗುತ್ತೆ...?

"ಆ ಹುಡುಗ ಹಾಗೆ ಮಾಡೋನಲ್ಲ ಕಣೇ" ಅಂದಳು ದೊಡ್ಡಮ್ಮ ಒಂದು ಮಧ್ಯಾಹ್ನ.

"ಅವನೇ ಒಪ್ಪಿಕೊಂಡನಲ್ಲ ದೊಡ್ಡಮ್ಮ!"

"ಒಪ್ಪಿಕೊಂಡ. ಹೌದು." ದೊಡ್ಡಮ್ಮ ನೀಲಿ ದಾರವನ್ನು ನೀಲಿ ದಾರದ ಜೊತೆ ಇಟ್ಟಳು.

ಇತ್ತ ಫೋನ್ ಕವರಿನವನು ಇನ್ನೊಂದು ಸಲ ಬಂದು, ಇಲ್ಲಿ ಬಣ್ಣದ ದೀಪ ಹಾಕಬಹುದು ಅಂತ ಸೂರು ನೋಡಿ ಹೋದ. ಅವಳು ಹಲ್ಲು ಕಚ್ಚಿಕೊಂಡು ತಲೆ ಬಗ್ಗಿಸಿಯೇ ಇದ್ದಳು.

ಅವತ್ತೇ ಒಳಮಡಿಕೆಯ ಎಳೆ ಸಾಲದೆ ಒಂದು ಬೂದು ಬಣ್ಣದ ಕೋಟಿಗೆ ಹೊಂದುವ ದಾರ ಬೇಕಾಯಿತು. ಬಣ್ಣ ತಿಳಿಯಲಿ ಅಂತ ಚೂರು ದಾರದ ಫೋಟೋ ತೆಗೆದು ದಾರದಂಗಡಿಯವರಿಗೆ ಕಳಿಸಿ ಕಾದಳು. ಉತ್ತರವಿಲ್ಲ. ಕೊನೆಗೆ ಫೋನೇ ಮಾಡಿದಳು.

"ನನಗೆ ಯಾವ ಫೋಟೋನೂ ಬಂದಿಲ್ಲಮ್ಮ" ಅಂದರು ಅವರು.

ಅಷ್ಟರಲ್ಲಿ ಭಾವನ ಮೆಸೇಜು. 'ಅಂಗಡಿ ಸ್ಟೇಟಸ್‌ನಲ್ಲಿ ಇದೇನಮ್ಮ ದಾರದ ಚೂರು? ಇದೂ ಪ್ರಚಾರವಾ?'

ಅವಳ ಕೈ ನಿಂತುಹೋಯಿತು.

ಸ್ಟೇಟಸ್‌ನಲ್ಲಿ...? ನಾನು ದಾರದಂಗಡಿಗೆ ತಾನೇ ಕಳಿಸಿದ್ದು?

ಫೋನು ತೆರೆದು ಮತ್ತೆ ನೋಡಿದಳು. ಫೋಟೋ ತೆಗೆದು ಕಳಿಸು ಅಂತ ಒತ್ತಿದರೆ ಎಲ್ಲಕ್ಕಿಂತ ಮೇಲೆ ಬರುತ್ತಿದ್ದದ್ದು ಸ್ಟೇಟಸ್, ಕೆಳಗೆ ಜನರ ಹೆಸರುಗಳು. ಅವಸರದಲ್ಲಿ ಅವಳು ಮೇಲಿನದ್ದನ್ನೇ ಒತ್ತುತ್ತಿದ್ದಳು! ತಕ್ಷಣ ಅವನ ಹೆಸರು ತೆರೆದಳು. ಅವನಿಗೆ ಕಳಿಸಿದೆ ಅಂದುಕೊಂಡ ಶಾಲಿನ ಫೋಟೋ ಅಲ್ಲಿ ಇರಲೇ ಇಲ್ಲ. ಅವನಿಗೆ ಅದು ಹೋಗೇ ಇರಲಿಲ್ಲ.

"ದೊಡ್ಡಮ್ಮಾ..." ಅವಳಿಗೆ ಅಳು ತಡೆಯಲಾಗಲಿಲ್ಲ. "ನಾನೇ! ಹಾಕಿದ್ದು ನಾನೇ! ಅವನು ಯಾಕೆ ಹಾಗೆ ಹೇಳಿದ?"

"ಯಾಕೆ ಅಂತ ನನ್ನ ಕೇಳ್ತೀಯಲ್ಲೇ ಪೆದ್ದಿ!" ದೊಡ್ಡಮ್ಮ ಅವಳ ತಲೆಯ ಮೇಲೆ ಮೊಟಕಿದಳು. "ಮೊದಲು ಔಷಧಿ ಅಂಗಡಿಯವರ ಮನೆಗೆ ಹೋಗು. ಆಮೇಲೆ ಅವನ ಹತ್ರ."

ನಿಜ ಹೇಳಿದರೆ ಅಂಗಡಿಯ ಹೆಸರು ಹೋಗಬಹುದು ಅಂತ ಅವಳಿಗೆ ಗೊತ್ತಿತ್ತು. ಹೆಸರು ಹೋದರೆ ಕಿಟಕಿಯೂ ಹೋಯಿತು. ದಾರಿಯಲ್ಲಿ ಅವಳ ಕಾಲು ಎರಡು ಸಲ ಹಿಂದೆ ತಿರುಗಿತು. ಆದರೆ ಮಾಡದ ತಪ್ಪನ್ನು ಹೊತ್ತುಕೊಂಡು ನಡೆದು ಹೋದ ಅವನ ಬೆನ್ನು ಕಣ್ಣ ಮುಂದೆ ಬಂತು. ಹೋಗಿ ಬಾಗಿಲು ಬಡಿದಳು.

ಅತ್ತೆಯೇ ಬಾಗಿಲು ತೆರೆದರು. ಹಿಂದೆ ಸೊಸೆ. ಸೂಜಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

"ಅವರು ಹಾಕಿದ್ದಲ್ಲ. ಕೈತಪ್ಪಿ ಹಾಕಿದವಳು ನಾನು. ಬೈಯೋದಿದ್ರೆ ನನ್ನ ಬೈರಿ. ಆದ್ರೆ ನಿಮ್ಮ ಸೊಸೆಯನ್ನ ಬೈಬೇಡಿ... ಅವರು ನಿಮ್ಮ ಮನಸ್ಸು ನೋಯಬಾರದು ಅಂತ ಬಂದಿದ್ರು."

ಅತ್ತೆ ಒಳಗೆ ಹೋಗಿ ಶಾಲು ತಂದು ಅವಳ ಮಡಿಲಿಗೆ ಹಾಕಿದರು.

"ಇದರಲ್ಲಿ ಇನ್ನೊಂದು ರಫು ಇದೆ. ಹುಡುಕು ನೋಡೋಣ."

ಅವಳು ತಿರುಗಿಸಿ ಮುರುಗಿಸಿ ಹುಡುಕಿದಳು. ಸಿಗಲಿಲ್ಲ.

ಅತ್ತೆ ಹಸಿರು ಅಂಚಿನ ಪಕ್ಕ ಬೆರಳಿಟ್ಟರು. "ಇಲ್ಲಿ. ಇದು ನನ್ನ ಅತ್ತೆಯ ಶಾಲು. ಮದುವೆಯಾಗಿ ಬಂದ ಹೊಸದರಲ್ಲಿ ಕೆಂಡದ ಕಿಡಿ ಬೀಳಿಸಿದ್ದೆ. ನಿನ್ನ ದೊಡ್ಡಮ್ಮ ಸರಿ ಮಾಡಿಕೊಟ್ಟಳು. ನನ್ನ ಅತ್ತೆಗೆ ಸಾಯೋವರೆಗೂ ಗೊತ್ತಾಗಲಿಲ್ಲ."

ಸೊಸೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅತ್ತೆ! ಮತ್ತೆ ನನಗೆ ಅಷ್ಟು ಬೈದ್ರಿ!"

"ಬೈದೆ. ತಪ್ಪಾಯ್ತು" ಅಂದರು ಅತ್ತೆ ಗತ್ತಿನಿಂದಲೇ. ಆಮೇಲೆ ಸೂಜಿಯತ್ತ ತಿರುಗಿ, "ಕೈತಪ್ಪು ಯಾರಿಗಾದ್ರೂ ಆಗುತ್ತೆ. ಹೇಳೋಕೆ ಬಂದೆಯಲ್ಲ, ಸಾಕು. ನಮ್ಮ ಮನೆ ಬಟ್ಟೆ ಇನ್ನು ಮೇಲೂ ನಿನ್ನ ಹತ್ರಾನೇ ಬರುತ್ತೆ. ಅಲ್ಲ ಕಣೇ, ಮಾಡದ ತಪ್ಪನ್ನ ತಲೆ ಮೇಲೆ ಹಾಕಿಕೊಂಡ ಆ ಹುಡುಗ ಎಲ್ಲಿದ್ದಾನೆ? ಇಲ್ಲೇನು ಮಾಡ್ತಿದ್ದೀಯ ಇನ್ನೂ?" ಅಂದರು.

ಅವಳು ಓಡಿದಳು ಅಂತಲೇ ಹೇಳಬೇಕು.

ಅವನ ಕೋಣೆ ಮುದ್ರಣದ ಅಂಗಡಿಯ ಹಿಂದಿನ ಓಣಿಯಲ್ಲಿತ್ತು. ತಿರುವು ದಾಟಿದವಳು ಗಕ್ಕನೆ ನಿಂತಳು. ಮನೆಯ ಕಬ್ಬಿಣದ ಗೇಟಿನ ಮುರಿದ ಸರಳಿಗೆ ಅವನು ತನ್ನದೇ ಒಂದು ಒಳ್ಳೆಯ ನೀಲಿ ಅಂಗಿಯನ್ನು ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿದ್ದ!

ಪರ್ರ್... ಅಂತ ಹರಿಯಿತು.

"ಏನ್ ಮಾಡ್ತಿದ್ದೀರಿ ನೀವು?!"

ಅವನು ಕಳ್ಳನ ಹಾಗೆ ಅಂಗಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಕಾಲ ಬಳಿ ಒಂದು ಚೀಲ. ಅದರ ತುಂಬ ಅವನದೇ ಪ್ಯಾಂಟು, ಸ್ವೆಟರು, ಒಂದು ಕೋಟು... ಎಲ್ಲವೂ ಹರಿದಿದ್ದವು.

"ಅದು... ದೊಡ್ಡಮ್ಮನ ಹತ್ರ ಕೊಟ್ಟು ಹೋಗೋಣ ಅಂತಿದ್ದೆ. ಮೆಟ್ಟಿಲು ಹತ್ತಬೇಡಿ ಅಂದಿದ್ರಲ್ಲ, ಕೆಳಗೇ ನಿಂತು ಕೊಡ್ತಿದ್ದೆ." ತಡವರಿಸಿದ. "ನಿಮ್ಮ ಅಂಗಡಿಗೆ ಫೋಟೋ ಬೇಕು. ಬೇರೆಯವರ ಬಟ್ಟೆ ತೋರಿಸೋ ಹಾಗಿಲ್ಲ. ನನ್ನ ಬಟ್ಟೆಯಾದ್ರೆ ಯಾರ ಗುಟ್ಟೂ ಅಲ್ಲ... ಕತ್ತರಿ ಮುಟ್ಟಿಲ್ಲ ಮೇಡಂ, ಎಲ್ಲಾ ಪ್ರಾಮಾಣಿಕವಾಗಿ ಹರಿದಿದ್ದೀನಿ!"

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೀರೂ ಬಂತು.

"ಯಾಕೆ ಸುಳ್ಳು ಹೇಳಿದ್ರಿ? ಸ್ಟೇಟಸ್ ಹಾಕಿದ್ದು ನಾನು ಅಂತ ಅವತ್ತೇ ಗೊತ್ತಿತ್ತಲ್ವಾ?"

"ಜನ ನಿಮ್ಮನ್ನ ನಂಬಿ ಬರ್ತಾರೆ. ಆ ನಂಬಿಕೆ ಹೋದ್ರೆ ಯಾವ ಪ್ರಚಾರದಿಂದಲೂ ವಾಪಸ್ ತರೋಕಾಗಲ್ಲ. ನನ್ನ ಹೆಸರು ಕೆಟ್ರೆ ಏನಂತೆ, ಬೇರೆ ಬೀದಿಗೆ ಹೋಗ್ತೀನಿ ಅಂದ್ಕೊಂಡೆ."

"ನನಗಾದ್ರೂ ಆಮೇಲೆ ಹೇಳಬಹುದಿತ್ತು!"

"ಹೇಳಿದ್ರೆ ನೀವು ಸೂಜಿ ಹಿಡಿತಿದ್ರಾ? ನಾನೇ ಮಾತಿಗೆ ತಪ್ಪಿದೆ ಅಂತ ಕೊರಗಿ ಅಂಗಡಿನೇ ಮುಚ್ಚಿಬಿಡ್ತಿದ್ರಿ. ಅದಕ್ಕಿಂತ ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದೇ ವಾಸಿ ಅನ್ನಿಸ್ತು..." ಅವನ ದನಿ ಸಣ್ಣದಾಯಿತು. "ಆದ್ರೆ ಬೇರೆ ಬೀದಿಗೆ ಹೋಗೋಕೆ ಆಗಲಿಲ್ಲ. ದಿನಾ ಆ ಕಿಟಕಿ ಎದುರಿಂದ, ಆ ಕಡೆ ಫುಟ್‌ಪಾತಿನಲ್ಲಿ, ತಲೆ ತಗ್ಗಿಸಿಕೊಂಡು ಹೋಗ್ತಿದ್ದೆ."

ದಿನಾ ಬಾಗಿಲನ್ನೇ ನೋಡುತ್ತಿದ್ದಳಲ್ಲ ಪೆದ್ದಿ... ಕಿಟಕಿ ನೋಡಬೇಕಿತ್ತು!

"ತಪ್ಪಾಯ್ತು" ಅಂದಳು. ಜೀವಮಾನದಲ್ಲಿ ಆ ಮಾತನ್ನು ಅವಳು ಅಷ್ಟು ಬೇಗ ಹೇಳಿದ್ದೇ ಇಲ್ಲ. ಕೈಚಾಚಿ ಅವನ ಬೆನ್ನ ಹಿಂದಿನ ಅಂಗಿಯನ್ನು ಎಳೆದುಕೊಂಡಳು. "ಚೀಲ ಎತ್ಕೊಳ್ಳಿ. ಮೆಟ್ಟಿಲು ಹತ್ತಿ ಬಂದು ಕೊಡಿ."

ಅವನ ಬಟ್ಟೆಗಳೇ ಆ ಅಂಗಡಿಯ ಪ್ರಚಾರವಾದವು. ಗೇಟಿಗೆ ಸಿಕ್ಕಿ ಹರಿದ ಕೋಟು, ಅವಳ ಕೈಯಿಂದ ಎದ್ದು ಬಂದ ಕೋಟು. ವಿಡಿಯೋ ನಡುವೆ ನಿಲ್ಲದಂತೆ, ಬೇರೆ ಬಟ್ಟೆ ಅನ್ನಲು ಬಾರದಂತೆ ಅವನೇ ತೆಗೆದ. ಕೆಳಗೆ ಒಂದೇ ಸಾಲು ಬರೆದ. 'ಇದು ನಮ್ಮವರದೇ ಬಟ್ಟೆ. ನಿಮ್ಮದನ್ನು ಯಾರಿಗೂ ತೋರಿಸುವುದಿಲ್ಲ.'

ಆ ಸಾಲು ಓದಿ ಜನ ಬಂದರು. ಹುಡುಕಿಕೊಂಡು, ಗಾಬರಿಯಾಗಿ, ಸೆರಗಿನಲ್ಲಿ ಬ್ಯಾಗಿನಲ್ಲಿ ಮುಚ್ಚಿಕೊಂಡು ಬಂದರು. ಚಳಿಗಾಲ ಮುಗಿಯುವ ಹೊತ್ತಿಗೆ ಭಾವನೇ ತನ್ನ ಸುಟ್ಟ ಪ್ಯಾಂಟು ಹಿಡಿದುಕೊಂಡು ಬಂದು, "ನಿಮ್ಮಕ್ಕನಿಗೆ ಹೇಳಬೇಡಮ್ಮ" ಅಂದ. ಫೋನ್ ಕವರಿನವನಿಗೆ ಬೇರೆ ಅಂಗಡಿ ನೋಡಿಕೋ ಅಂತ ಆಗಲೇ ಹೇಳಿಯಾಗಿತ್ತಂತೆ.

ಅವತ್ತು ಸಂಜೆಯ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು. ಚೀಲದಲ್ಲಿ ಉಳಿದಿದ್ದದ್ದು ಆ ನೀಲಿ ಅಂಗಿ ಒಂದೇ. ಜೇಬಿನ ಪಕ್ಕದಲ್ಲೇ ಹರಿದಿತ್ತು. ಅವಳು ದೊಡ್ಡಮ್ಮನ ದಾರದ ಡಬ್ಬಿಯಲ್ಲಿ ಕೈಯಾಡಿಸಿದಳು. ದೊಡ್ಡಮ್ಮ ಓರೆಗಣ್ಣಿನಲ್ಲಿ ನೋಡಿ, ಟೀ ತರುತ್ತೇನೆ ಅಂತ ಎದ್ದು ಹೋದಳು.

ಪೋಣಿಸಿದ್ದು ಕೆಂಪು ದಾರ.

"ಏಯ್, ಅದು ಕೆಂಪು!" ಅಂದ ಅವನು. "ಎಲ್ಲರಿಗೂ ಕಾಣುತ್ತೆ!"

"ಕಾಣಲಿ."

"ಕಾಣೋ ಹಾಗೆ ರಫು ಮಾಡೋದಕ್ಕಿಂತ ಫೋನ್ ಕವರ್ ಮಾರೋದು ವಾಸಿ ಅಂದಿದ್ರಿ?"

"ಬೇರೆಯವರದ್ದೆಲ್ಲ ಗುಟ್ಟು." ಅವಳು ತಲೆ ಎತ್ತಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. "ಇದೊಂದು ಗುಟ್ಟಲ್ಲ. ಇದನ್ನ ಹಾಕ್ಕೊಂಡು ಬೀದಿಯಲ್ಲೆಲ್ಲ ಓಡಾಡಬೇಕು ನೀನು. ಯಾರು ಹೊಲಿದಿದ್ದು ಅಂತ ಕೇಳಿದ್ರೆ..."

'ನೀನು' ಅಂದಳು! ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಕೇಳಿದ್ರೆ ಏನು ಹೇಳಲಿ?"

"ನನ್ನವಳು ಅಂತ ಹೇಳು."

ಅವನು ಮೆಲ್ಲಗೆ ಅವಳ ಸೂಜಿ ಹಿಡಿದ ಕೈಯ ಮೇಲೆ ತನ್ನ ಕೈ ಇಟ್ಟ. "ಚುಚ್ಚುತ್ತೆ" ಅಂದಳು ಅವಳು.

"ಚುಚ್ಚಲಿ" ಅಂದ.